ಸಭೆಯ ವಿಷಯ ಯಾರು ಬರೆಯಬೇಕು?

ಕಳೆದ ಸಂಚಿಕೆಯಲ್ಲಿ ಶಿಕ್ಷಕರಿಗೆ ಒಂದು ಮಾತು ಕೇಳಿದ್ದೆ. ನಿಮ್ಮ ಕ್ಲಸ್ಟರ್‌ನ ಹಿಂದಿನ ಸಮಾಲೋಚನಾ ಸಭೆಯಿಂದ ನಿಮ್ಮ ತರಗತಿಗೆ ಏನು ಬಂತು? ಬಂದ ಪತ್ರಗಳನ್ನು ಎರಡೆರಡು ಸಲ ಓದಿದ್ದೇನೆ. ಎಲ್ಲಕ್ಕೂ ಇಲ್ಲಿ ಉತ್ತರ ಕೊಡಲು ಜಾಗ ಸಾಲದು. ಹಲವರು ಕೇಳಿದ್ದನ್ನು ಆರಿಸಿಕೊಂಡಿದ್ದೇನೆ. ಬರೆದವರ ಊರು, ಹೆಸರು ಹಾಕಿಲ್ಲ. ಅವರಲ್ಲಿ ಹೆಚ್ಚಿನವರು ನೌಕರಿಯಲ್ಲಿ ಇರುವವರು.

ಶಿಕ್ಷಕರಲ್ಲದ ಓದುಗರಿಗೆ ಒಂದೆರಡು ಮಾತು. ಊರಿನ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಪಾಠದ ವಿಷಯದಲ್ಲಿ ಕಷ್ಟ ಬಂದರೆ ಕೇಳಲು ಒಂದು ಜಾಗ ಬೇಕಲ್ವಾ? ಅದಕ್ಕೆ ಅಂತಲೇ ತಾಲ್ಲೂಕು ಮಟ್ಟದಲ್ಲಿ ಕ್ಷೇತ್ರ ಸಂಪನ್ಮೂಲ ಕೇಂದ್ರ ಇದೆ. ಎಲ್ಲರೂ ಬಿಆರ್‌ಸಿ ಅನ್ನುತ್ತಾರೆ. ಅದರ ಕೆಳಗೆ ಅಕ್ಕಪಕ್ಕದ ಹತ್ತು ಹದಿನೈದು ಶಾಲೆಗಳಿಗೆ ಸೇರಿ ಒಂದು ಸಮೂಹ ಸಂಪನ್ಮೂಲ ಕೇಂದ್ರ, ಅಂದರೆ ಸಿಆರ್‌ಸಿ. ಆ ಶಾಲೆಗಳ ಗುಂಪೇ ಕ್ಲಸ್ಟರ್, ಅಲ್ಲಿನ ಶಿಕ್ಷಕರು ತಿಂಗಳಿಗೊಮ್ಮೆ ಸೇರುವುದೇ ಸಮಾಲೋಚನಾ ಸಭೆ. ಕೇಂದ್ರವನ್ನು ನೋಡಿಕೊಳ್ಳುವವರು ಸಿಆರ್‌ಪಿ. ಅವರೂ ಶಿಕ್ಷಕರೇ. ಪರೀಕ್ಷೆ ಬರೆದು, ಕೌನ್ಸೆಲಿಂಗ್‌ನಲ್ಲಿ ಜಾಗ ಆರಿಸಿಕೊಂಡು ಕೆಲವು ವರ್ಷ ಈ ಕೆಲಸ ಮಾಡುತ್ತಾರೆ. ಆಮೇಲೆ ಮತ್ತೆ ಶಾಲೆಗೆ ವಾಪಸ್. ನಾನು ಮಂಡ್ಯ ಜಿಲ್ಲೆಯಲ್ಲಿ ಸಿಆರ್‌ಪಿ ಆಗಿದ್ದೆ, ಆಮೇಲೆ ಬಿಆರ್‌ಪಿ, ಅಂದರೆ ಬಿಆರ್‌ಸಿಯ ಸಂಪನ್ಮೂಲ ವ್ಯಕ್ತಿ, ಕೊನೆಗೆ ಮುಖ್ಯ ಶಿಕ್ಷಕಿಯಾಗಿ ನಿವೃತ್ತಿಯಾದೆ.

ಪ್ರಶ್ನೆ: ಎಂಟು ವರ್ಷದಿಂದ ಪ್ರಾಥಮಿಕ ಶಾಲೆಯಲ್ಲಿದ್ದೇನೆ. ಪ್ರತಿ ತಿಂಗಳ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುತ್ತಾರೆ, ನಮೂನೆ ಹಂಚುತ್ತಾರೆ, ಬಾಕಿ ಮಾಹಿತಿ ಕೇಳುತ್ತಾರೆ. ನನ್ನ ಮಕ್ಕಳು ಓದುವುದರಲ್ಲಿ ಹಿಂದೆ ಬಿದ್ದಿದ್ದಾರೆ ಅಂತ ಹೇಳಲು ಸಮಯವೇ ಸಿಗುವುದಿಲ್ಲ. ಸಭೆ ಹೀಗೇ ಇರಬೇಕಾ? ನಾನು ಕೇಳಿದರೆ ತಪ್ಪಾಗುತ್ತದಾ? (ಕಲ್ಯಾಣ ಕರ್ನಾಟಕದ ಒಬ್ಬ ಶಿಕ್ಷಕಿ)

ತಪ್ಪಾಗುವುದಿಲ್ಲ ತಾಯಿ. ನೀವು ಕೇಳುತ್ತಿರುವುದೇ ಆ ಸಭೆಯ ಕೆಲಸ. ಸಮೂಹ ಕೇಂದ್ರ ಹುಟ್ಟಿದ್ದು ಶಿಕ್ಷಕರು ಕೂತು ಪಾಠದ ಬಗ್ಗೆ ಮಾತಾಡಲಿ ಅಂತ. ಸುತ್ತೋಲೆ ಓದುವುದು ಆಮೇಲೆ ಬಂದು ಸೇರಿಕೊಂಡಿತು.

ನನ್ನದೇ ಅನುಭವ ಹೇಳುತ್ತೇನೆ. ಸಿಆರ್‌ಪಿ ಆದ ಹೊಸದರಲ್ಲಿ ನಾನೂ ಇದನ್ನೇ ಮಾಡಿದೆ. ಶನಿವಾರ ಬೆಳಗಿನ ಶಾಲೆ ಮುಗಿಸಿ, ಊಟದ ಡಬ್ಬಿ ಹಿಡಿದುಕೊಂಡು ಎಲ್ಲರೂ ಬಂದಿದ್ದರು. ಎರಡು ಗಂಟೆ ಸುತ್ತೋಲೆ ಓದಿದೆ. ಎಲ್ಲರೂ ಬರೆದುಕೊಂಡರು. ಏಳುವ ಹೊತ್ತಿಗೆ ಒಬ್ಬ ಹಿರಿಯ ಮೇಷ್ಟ್ರು ಹತ್ತಿರ ಬಂದರು. ನಿವೃತ್ತಿಗೆ ಎರಡು ವರ್ಷ ಇತ್ತು ಅವರಿಗೆ. 'ನಮ್ಮ ಮೂರನೇ ಕ್ಲಾಸಿನ ಮಕ್ಕಳು 52ರಲ್ಲಿ 27 ಕಳೆದು 35 ಅಂತ ಬರೀತಾರೆ ಮೇಡಂ. ಎಷ್ಟು ಹೇಳಿಕೊಟ್ಟರೂ ಅದೇ ತಪ್ಪು. ಏನು ಮಾಡಲಿ ಹೇಳಿ' ಅಂದರು. ಅಷ್ಟು ವರ್ಷ ಪಾಠ ಮಾಡಿದವರು, ಕೇಳಲು ಸಂಕೋಚ ಪಟ್ಟುಕೊಂಡು, ಎಲ್ಲರೂ ಎದ್ದ ಮೇಲೆ ಬಂದು ಕೇಳಿದರು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅದನ್ನೇ ಮೊದಲ ಮಾತಾಗಿ ಕೇಳಲು ಅವರಿಗೆ ನಾನು ಜಾಗ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ಪ್ರತಿ ಶಾಲೆಯಿಂದ ಐದು ಮಕ್ಕಳ ಗಣಿತದ ನೋಟ್‌ಬುಕ್ ತರಲು ಹೇಳಿದೆ. ಜಮಖಾನದ ಮೇಲೆ ಎಲ್ಲವನ್ನೂ ಹರಡಿದೆವು. ನೋಡುತ್ತಾ ಹೋದರೆ ಅರ್ಧಕ್ಕಿಂತ ಜಾಸ್ತಿ ಶಾಲೆಗಳಲ್ಲಿ ಅದೇ ತಪ್ಪು. ಮಕ್ಕಳು 7ರಲ್ಲಿ 2 ಕಳೆದಿದ್ದರು, ಯಾಕಂದರೆ 2ರಲ್ಲಿ 7 ಹೋಗುವುದಿಲ್ಲ. ಅವರ ಪಾಲಿಗೆ ಅದು ಸರಿಯಾದ ದಾರಿಯೇ. ಸಭೆ ನಡೆದ ಶಾಲೆಯ ಮೂರನೇ ತರಗತಿಯ ನಾಲ್ಕು ಮಕ್ಕಳನ್ನು ಉಳಿಸಿಕೊಂಡಿದ್ದೆವು. ತೆಂಗಿನ ಗರಿಯ ಕಡ್ಡಿ ಮುರಿದು, ಹತ್ತು ಹತ್ತು ಸೇರಿಸಿ ಬಾಳೆ ನಾರಿನಲ್ಲಿ ಕಟ್ಟಿದ್ದೆವು. ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು, 'ನನಗೆ ಇಪ್ಪತ್ತೇಳು ಕೊಡಮ್ಮ' ಅಂತ ಆ ಮೇಷ್ಟ್ರೇ ಒಂದು ಹುಡುಗಿಯನ್ನು ಕೇಳಿದರು. ಅವಳು ಎರಡು ಕಟ್ಟು ಕೊಟ್ಟಳು. ಆಮೇಲೆ ಬಿಡಿ ಕಡ್ಡಿ ಎರಡೇ ಇದ್ದವು. ಸ್ವಲ್ಪ ಹೊತ್ತು ಸುಮ್ನೆ ನೋಡಿದಳು. ನಂತರ ಒಂದು ಕಟ್ಟಿನ ನಾರು ಬಿಚ್ಚಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಹನ್ನೆರಡರಲ್ಲಿ ಏಳು ಎಣಿಸಿ ಕೊಟ್ಟಳು. ಅವಳ ಕೈಯಲ್ಲಿ ಎರಡು ಕಟ್ಟು, ಐದು ಬಿಡಿ ಉಳಿದವು. ಇಡೀ ಕೋಣೆಯಲ್ಲಿ ಒಬ್ಬರೂ ಮಾತಾಡಲಿಲ್ಲ. ಪುಸ್ತಕದಲ್ಲಿ 'ದಶಕ ಸಹಿತ ವ್ಯವಕಲನ' ಅಂತ ಓದಿದ್ದ ನಾವೆಲ್ಲ ಅವಳು ನಾರು ಬಿಚ್ಚುವುದನ್ನು ನೋಡಿದೆವು.

ಆ ದಿನದಿಂದ ನಮ್ಮ ಕ್ಲಸ್ಟರ್‌ನಲ್ಲಿ ಕೆಲವು ಪದ್ಧತಿ ಮಾಡಿಕೊಂಡೆವು. ಮುಂದಿನ ಸಭೆಯ ವಿಷಯವನ್ನು ಈ ಸಭೆಯ ಕೊನೆಯಲ್ಲಿ ಶಿಕ್ಷಕರೇ ಬರೆಯುವುದು. ಒಂದು ಡ್ರಾಯಿಂಗ್ ಶೀಟ್ ಗೋಡೆಗೆ ಅಂಟಿಸಿರುತ್ತಿದ್ದೆವು, ಯಾರು ಬೇಕಾದರೂ ಬರೆಯಬಹುದು. ಮೊದಲ ಒಂದೂವರೆ ಗಂಟೆ ಪಾಠದ ಮಾತು, ಸುತ್ತೋಲೆ ಕೊನೆಯ ಅರ್ಧ ಗಂಟೆ. ನಡಾವಳಿ ಪುಸ್ತಕವನ್ನು ಸಿಆರ್‌ಪಿ ಬರೆಯುವ ಹಾಗಿಲ್ಲ, ಸರದಿಯ ಮೇಲೆ ಒಂದೊಂದು ಶಾಲೆಯವರು ಬರೆಯಬೇಕು. ಹೋದ ಸಲ ಮಾತಾಡಿದ್ದನ್ನು ತರಗತಿಯಲ್ಲಿ ಮಾಡಿ ನೋಡಿದಿರಾ, ಏನಾಯಿತು ಅನ್ನುವುದೇ ಪ್ರತಿ ಸಭೆಯ ಮೊದಲ ಪ್ರಶ್ನೆ. ಇವುಗಳಲ್ಲಿ ನಡಾವಳಿ ಪುಸ್ತಕದ್ದು ನನ್ನ ಕಣ್ಣಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ. ಪೆನ್ನು ಶಿಕ್ಷಕರ ಕೈಗೆ ಬಂದ ಮೇಲೆ ಅದರಲ್ಲಿ ಮಕ್ಕಳ ಹೆಸರು ಬರಲು ಶುರುವಾಯಿತು.

ಶಿಕ್ಷಕರ ಕೈಗೆ ಕೊಟ್ಟರೆ ಆಗುತ್ತದಾ ಅಂತ ಅನುಮಾನ ಪಡುವ ಅಧಿಕಾರಿಗಳನ್ನು ನೋಡಿದ್ದೇನೆ. ಅವರಿಗೆ ಹೆಗ್ಗಡದೇವನಕೋಟೆಯನ್ನು ನೆನಪಿಸುತ್ತಿದ್ದೆ. 1995ರಲ್ಲಿ ಆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಪದ್ಧತಿ ನೋಡಿ ಬಂದರು. ಬಂದವರು ಕೂತು ಕನ್ನಡದ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಮಾಡಿದರು. ಅದೇ ನಲಿ-ಕಲಿ. ಯುನಿಸೆಫ್ ಬೆಂಬಲ ಕೊಟ್ಟಿತು. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಚಿಕ್ಕ ತರಗತಿಗಳಿಗೆಲ್ಲ ಬಂತು. ಒಂದು ತಾಲ್ಲೂಕಿನ ಮೇಷ್ಟ್ರುಗಳು ಮಾಡಿದ ಕೆಲಸ ಅದು.

ನೀವು ಈಗ ಏನು ಮಾಡಬಹುದು? ಒಬ್ಬರೇ ಎದ್ದು ನಿಂತು ಸಭೆಯನ್ನು ಬೈಯಬೇಡಿ, ಸಿಆರ್‌ಪಿ ನಿಮ್ಮವರೇ. ಅಕ್ಕಪಕ್ಕದ ಮೂರು ಶಾಲೆಯವರನ್ನು ಜೊತೆಗೆ ಮಾಡಿಕೊಳ್ಳಿ. 'ಮುಂದಿನ ತಿಂಗಳು ನಲವತ್ತು ನಿಮಿಷ ಓದಿನ ಬಗ್ಗೆ ಮಾತಾಡೋಣ, ಮಾದರಿ ಪಾಠ ನಾನೇ ಮಾಡುತ್ತೇನೆ' ಅಂತ ಸಭೆಗೆ ಒಂದು ವಾರ ಮೊದಲೇ ಸಿಆರ್‌ಪಿಗೆ ಚೀಟಿ ಬರೆದು ಕೊಡಿ. ಪಾಠ ಮಾಡಲು ಒಬ್ಬರು ತಯಾರಾಗಿ ಬಂದರೆ ಬೇಡ ಅನ್ನುವ ಸಿಆರ್‌ಪಿಯನ್ನು ನಾನು ನೋಡಿಲ್ಲ. ನಿಮ್ಮ ಹಿಂದೆ ಬಿದ್ದ ಮಕ್ಕಳ ನೋಟ್‌ಬುಕ್ ಮರೆಯದೆ ತೆಗೆದುಕೊಂಡು ಹೋಗಿ.

ಪ್ರಶ್ನೆ: ನಾನು ಸಿಆರ್‌ಪಿ. ಬಿಆರ್‌ಸಿಯವರು ಶಾಲಾ ಭೇಟಿ ಮಾಡಿ ಅನ್ನುತ್ತಾರೆ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಮಧ್ಯಾಹ್ನದೊಳಗೆ ಮಾಹಿತಿ ಬೇಕು ಅಂತ ಫೋನು ಬರುತ್ತದೆ. ಬೈಕಿನ ಮೇಲೆ ಶಾಲೆಯಿಂದ ಶಾಲೆಗೆ ಕಾಗದ ಸಂಗ್ರಹಿಸುವುದೇ ನನ್ನ ಕೆಲಸವಾಗಿದೆ. ನಾನು ಯಾರ ಮಾತು ಕೇಳಬೇಕು? (ದಕ್ಷಿಣ ಕರ್ನಾಟಕದ ಒಬ್ಬ ಸಿಆರ್‌ಪಿ)

ನಿಮ್ಮ ಪತ್ರ ಓದಿ ತುಂಬಾ ಸಂಕಟವಾಯಿತು. ಪರೀಕ್ಷೆ ಪಾಸು ಮಾಡಿ ಬಂದವರು ನೀವು. ಪಾಠ ಚೆನ್ನಾಗಿ ಮಾಡುತ್ತೀರಿ ಅಂತಲೇ ಈ ಕೆಲಸಕ್ಕೆ ಬಂದಿರಿ.

ಈ ಎರಡು ದಾರಿ ಎಲ್ಲಿಂದ ಬಂತು ಅಂತ ತಿಳಿದರೆ ನಿಮಗೆ ಸ್ವಲ್ಪ ಸಹಾಯ ಆಗಬಹುದು. ನಮ್ಮಲ್ಲಿ ಶಾಲಾ ಆಡಳಿತ ಒಂದು ಸಾಲು. ಜಿಲ್ಲೆಯಲ್ಲಿ ಆಡಳಿತದ ಉಪನಿರ್ದೇಶಕರು, ತಾಲ್ಲೂಕಿನಲ್ಲಿ ಬಿಇಒ, ಅವರ ಕೆಳಗೆ ಶಿಕ್ಷಣ ಸಂಯೋಜಕರು. ಸಂಬಳ, ರಜೆ, ವರ್ಗಾವಣೆ, ಶಿಸ್ತು ಎಲ್ಲ ಆ ಕಡೆ. ಪಾಠದ ಬೆಂಬಲ ಇನ್ನೊಂದು ಸಾಲು. ಮೇಲೆ ರಾಜ್ಯ ಮಟ್ಟದ ಸಂಸ್ಥೆ ಡಿಎಸ್‌ಇಆರ್‌ಟಿ, ಜಿಲ್ಲೆಯಲ್ಲಿ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್, ತಾಲ್ಲೂಕಿನಲ್ಲಿ ಬಿಆರ್‌ಸಿ, ಕೆಳಗೆ ನೀವು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ಡಯಟ್ ಬಂತು. ಬಿಆರ್‌ಸಿ, ಸಿಆರ್‌ಸಿ ನಮಗೆ ಗೊತ್ತಾಗಿದ್ದು ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ ಯೋಜನೆಯಲ್ಲಿ. ಕರ್ನಾಟಕದಲ್ಲಿ ಅದರ ಮೊದಲ ಹಂತಕ್ಕೆ ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳು ಸೇರಿದ್ದವು. ಆಮೇಲೆ ಸರ್ವ ಶಿಕ್ಷಾ ಅಭಿಯಾನ ಬಂತು, 2018ರಿಂದ ಸಮಗ್ರ ಶಿಕ್ಷಣ. ಯೋಜನೆಯ ಹೆಸರು ಎರಡು ಸಲ ಬದಲಾಯಿತು. ಕೇಂದ್ರ ಮಾತ್ರ ಅದೇ ಕೋಣೆಯಲ್ಲಿ ಉಳಿಯಿತು.

ಪಾಠದ ಸಾಲನ್ನು ಬೇರೆ ಇಟ್ಟಿದ್ದಕ್ಕೆ ಒಂದು ಕಾರಣ ಇದೆ. ತಪ್ಪು ಹುಡುಕಿ ನೋಟಿಸ್ ಕೊಡುವವರ ಮುಂದೆ ಯಾವ ಶಿಕ್ಷಕರೂ 'ನನಗೆ ಭಿನ್ನರಾಶಿ ಹೇಳಿಕೊಡಲು ಬರುತ್ತಿಲ್ಲ' ಅಂತ ಬಾಯಿಬಿಡುವುದಿಲ್ಲ. ಹಾಗೆ ಹೇಳಿಕೊಳ್ಳಲು ಒಬ್ಬ ಜೊತೆಗಾರ ಬೇಕು. ಆ ಜೊತೆಗಾರ ನೀವು. ನಿಮ್ಮ ಕೈಗೆ ನೋಟಿಸ್ ಕೊಡುವ ಅಧಿಕಾರ ಇಲ್ಲದೇ ಇರುವುದು ಕೊರತೆ ಅಂತ ಕೆಲವು ಸಿಆರ್‌ಪಿಗಳು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅದರಿಂದಲೇ ಶಿಕ್ಷಕರು ನಿಮ್ಮ ಮುಂದೆ ಮನಸ್ಸು ಬಿಚ್ಚುತ್ತಾರೆ.

ಆದರೆ ಬಿಇಒ ತಾಲ್ಲೂಕಿನ ಹಿರಿಯ ಅಧಿಕಾರಿ. ಫೋನು ಬಂದರೆ ಆಗಲ್ಲ ಅನ್ನಲು ಬರುವುದಿಲ್ಲ. ಅದು ನನಗೂ ಗೊತ್ತು. ಹಾಗಾಗಿ ನಾನು ಮಾಡಿ ನೋಡಿದ್ದನ್ನು ಹೇಳುತ್ತೇನೆ.

ಒಂದು ತಿಂಗಳು ದಿನಚರಿ ಬರೆಯಿರಿ. ಯಾವ ದಿನ ಎಷ್ಟು ಗಂಟೆ ಶಾಲೆಯಲ್ಲಿ ಮಕ್ಕಳ ಮುಂದೆ ಇದ್ದಿರಿ, ಎಷ್ಟು ಗಂಟೆ ಕಾಗದಕ್ಕೆ ಹೋಯಿತು, ಯಾವ ಮಾಹಿತಿ, ಯಾರು ಕೇಳಿದರು. ಪ್ರತಿ ಮಾಹಿತಿಯ ಮುಂದೆ ಅದು ಶಾಲೆಗಳು ಆನ್‌ಲೈನ್‌ನಲ್ಲಿ ಮಾಹಿತಿ ತುಂಬುವ ಸ್ಯಾಟ್ಸ್‌ನಲ್ಲಿ ಇದೆಯಾ, ಯುಡೈಸ್‌ನಲ್ಲಿ ಇದೆಯಾ ಅಂತ ಗುರುತು ಹಾಕಿ. ನಾನು ಬಿಆರ್‌ಪಿ ಆಗಿದ್ದಾಗ ಒಬ್ಬ ಸಿಆರ್‌ಪಿ ಹೀಗೆ ಬರೆದು ತಂದರು. ಶಾಲೆಗಳು ಆಗಲೇ ಒಮ್ಮೆ ಕೊಟ್ಟಿದ್ದ ಅಂಕಿಗಳನ್ನೇ ಬೇರೆ ಬೇರೆ ನಮೂನೆಯಲ್ಲಿ ಮತ್ತೆ ಮತ್ತೆ ಕೇಳಿದ್ದರು. ಆ ಹಾಳೆಗಳನ್ನು ಬಿಆರ್‌ಸಿಯ ಸಮನ್ವಯಾಧಿಕಾರಿಗಳು ಬಿಇಒ ಅವರ ಮುಂದೆ ಇಟ್ಟರು. ಬಿಇಒ ಸಿಟ್ಟು ಮಾಡಲಿಲ್ಲ, ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಾಹಿತಿಗೆ ವಾರದಲ್ಲಿ ಒಂದೇ ದಿನ ಅಂತ ಗೊತ್ತುಮಾಡಿದರು. ಕಚೇರಿಯ ಬೇರೆ ಬೇರೆ ಗುಮಾಸ್ತರು ನೇರವಾಗಿ ಸಿಆರ್‌ಪಿಗೆ ಫೋನು ಮಾಡಬಾರದು, ಒಬ್ಬರ ಮೂಲಕವೇ ಬರಬೇಕು ಅಂತಲೂ ಹೇಳಿದರು. ನಂತರ ಬಂದ ಅಧಿಕಾರಿ ಅದನ್ನು ಮುಂದುವರಿಸಲಿಲ್ಲ. ಬಾಯಿ ಮಾತಿನ ವ್ಯವಸ್ಥೆ ವರ್ಗಾವಣೆಯ ಜೊತೆ ಹೋಗಿಬಿಡುತ್ತದೆ. ಆದ್ದರಿಂದ ನೀವು ಇಂಥ ಒಪ್ಪಂದಕ್ಕೆ ಬಂದರೆ ಅದನ್ನು ಕಚೇರಿ ಆದೇಶದ ರೂಪದಲ್ಲೇ ಕೇಳಿ ಪಡೆಯಿರಿ. ಅವತ್ತು ನಾವು ಅದನ್ನು ಮಾಡಲಿಲ್ಲ ಅನ್ನುವ ನೋವು ನನಗೆ ಇವತ್ತಿಗೂ ಇದೆ.

ಇನ್ನೊಂದು ವಿಷಯ. ಶಿಕ್ಷಣ ಹಕ್ಕು ಕಾಯ್ದೆ, 2009ರ 27ನೇ ಕಲಂ ಶಿಕ್ಷಕರನ್ನು ಶಿಕ್ಷಣಕ್ಕೆ ಸಂಬಂಧವಿಲ್ಲದ ಕೆಲಸಕ್ಕೆ ಹಾಕಬಾರದು ಅನ್ನುತ್ತದೆ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವಕ್ಕೆ ಮಾತ್ರ ವಿನಾಯಿತಿ. ನಿಮ್ಮ ದಿನಚರಿಯಲ್ಲಿ ಇದಕ್ಕೆ ಹೊರತಾದ ಕೆಲಸ ಇದ್ದರೆ ಅದನ್ನು ಬೇರೆ ಬಣ್ಣದಲ್ಲಿ ಗುರುತು ಮಾಡಿ. ನಿಮ್ಮ ಕ್ಲಸ್ಟರ್‌ನಲ್ಲಿ ಎಷ್ಟು ಶಾಲೆ ಇವೆ ಅನ್ನುವುದನ್ನೂ ಬರೆಯಿರಿ. 18 ಶಾಲೆಗೆ ಒಬ್ಬರು ಅನ್ನುವುದು ಯೋಜನೆಯ ಲೆಕ್ಕ. ಡಯಟ್‌ನಿಂದ ನಿಮ್ಮ ತಾಲ್ಲೂಕಿಗೆ ನೋಡಲ್ ಉಪನ್ಯಾಸಕರು ಇರುತ್ತಾರಲ್ಲ, ಅವರಿಗೂ ಒಂದು ಪ್ರತಿ ಕೊಡಿ. ಡಯಟ್ ಪ್ರಾಂಶುಪಾಲರೇ ಜಿಲ್ಲೆಯ ಅಭಿವೃದ್ಧಿ ಉಪನಿರ್ದೇಶಕರು. ಅವರ ಮಾತಿಗೆ ತೂಕ ಇದೆ, ಆದರೆ ಅವರಿಗೆ ಯಾರಾದರೂ ಹೇಳಬೇಕು.

ಪ್ರಶ್ನೆ: ನಮ್ಮೂರಿನ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷೆ ನಾನು. ಓದಿದ್ದು ಏಳನೇ ಕ್ಲಾಸು. ಸಿಆರ್‌ಸಿ, ಬಿಆರ್‌ಸಿ ಅಂದರೆ ಮೇಷ್ಟ್ರುಗಳ ವಿಷಯ, ನಿಮಗೆ ಯಾಕೆ ಅನ್ನುತ್ತಾರೆ. ನಾವು ಕೇಳಬಾರದಾ? (ಹಳೆ ಮೈಸೂರು ಭಾಗದ ಒಬ್ಬ ತಾಯಿ)

ಖಂಡಿತ ಕೇಳಬೇಕು ಅಕ್ಕ. ಆ ಕೇಂದ್ರ ಇರುವುದು ನಿಮ್ಮ ಮಗು ಕಲಿಯಲಿ ಅಂತ. ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಂ ಪ್ರಕಾರ ನಿಮ್ಮ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿ ಇರಬೇಕು, ಅರ್ಧ ಜನ ಹೆಂಗಸರು ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಅಂತ ನೋಡುವುದು, ಬಂದ ಅನುದಾನ ಎಲ್ಲಿ ಹೋಯಿತು ಅಂತ ನೋಡುವುದು ಸಮಿತಿಯ ಕೆಲಸ ಅಂತಲೇ ಅದರಲ್ಲಿ ಬರೆದಿದೆ.

ಶಾಲೆಯಲ್ಲಿ ಭೇಟಿ ಪುಸ್ತಕ ಅಂತ ಒಂದು ಇರುತ್ತದೆ. ಮುಂದಿನ ಸಮಿತಿ ಸಭೆಯಲ್ಲಿ ಅದನ್ನು ತರಿಸಿ, ಎಲ್ಲರಿಗೂ ಕೇಳುವ ಹಾಗೆ ಓದಿಸಿ. ಸಿಆರ್‌ಪಿ ಯಾವ ದಿನ ಬಂದರು, ಯಾವ ತರಗತಿ ನೋಡಿದರು, ಏನು ಬರೆದರು? 'ಶಾಲೆಗೆ ಭೇಟಿ ನೀಡಲಾಯಿತು, ದಾಖಲೆ ಪರಿಶೀಲಿಸಲಾಯಿತು' ಅಂತ ಮಾತ್ರ ಇದ್ದರೆ, ಮುಂದಿನ ಸಲ ಬಂದಾಗ ಅವರನ್ನು ಕೂರಿಸಿ, ಕಾಫಿ ಕೊಟ್ಟು, 'ನಮ್ಮ ನಾಲ್ಕನೇ ಕ್ಲಾಸಿನ ಮಕ್ಕಳು ಓದುವುದನ್ನು ಕೇಳಿ ಹೋಗಿ ಸಾರ್' ಅಂತ ಪ್ರೀತಿಯಿಂದ ಹೇಳಿ. ಮೇಷ್ಟ್ರು ತರಬೇತಿಗೆ ಹೋಗಿ ಬಂದ ಮೇಲೆ ಅಲ್ಲಿ ಏನು ಕಲಿತರು ಅಂತ ಸಮಿತಿಯಲ್ಲಿ ಹತ್ತು ನಿಮಿಷ ಹೇಳಲು ಕೇಳಿ. ಹೆಚ್ಚಿನ ಶಿಕ್ಷಕರಿಗೆ ಯಾರಾದರೂ ಹಾಗೆ ಕೇಳಿದರೆ ಖುಷಿಯೇ ಆಗುತ್ತದೆ.

ತಾಲ್ಲೂಕಿನ ಕೇಂದ್ರಕ್ಕೆ ಬಂದ ಹಣ, ಖರ್ಚು, ತರಬೇತಿಯ ಪಟ್ಟಿ ಬೇಕಾದರೆ ಮೊದಲು ಬಾಯಲ್ಲಿ ಕೇಳಿ. ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ನನ್ನದೊಂದು ವಿನಂತಿ. ಆ ಅರ್ಜಿಯನ್ನು ಸಿಟ್ಟಿಗೆ ಬಳಸಬೇಡಿ. ಒಂದು ಶಾಲೆಯಲ್ಲಿ ಊರ ಜಗಳಕ್ಕೆ ಇಂಥ ಅರ್ಜಿ ಹಾಕಿ, ಒಳ್ಳೆಯ ಶಿಕ್ಷಕಿಯೊಬ್ಬರು ಬೇಸತ್ತು ವರ್ಗಾವಣೆ ತೆಗೆದುಕೊಂಡಿದ್ದನ್ನು ಕಂಡಿದ್ದೇನೆ. ಹೋಗುವ ದಿನ ಮಕ್ಕಳು ಬಸ್ಸಿನ ಹಿಂದೆ ಓಡಿದರು.

ಪ್ರಶ್ನೆ: ನಮ್ಮದು ಏಕೋಪಾಧ್ಯಾಯ ಶಾಲೆ, ಹನ್ನೊಂದು ಮಕ್ಕಳು. ಕೆಲಸದ ದಿನ ಸಭೆಗೋ ತರಬೇತಿಗೋ ಹೋದರೆ ಶಾಲೆಗೆ ಬೀಗ. ಹೋಗದಿದ್ದರೆ ನೋಟಿಸ್. ಮಳೆಗಾಲದಲ್ಲಿ ಹಳ್ಳ ದಾಟಿ ಹೋಗುವುದೂ ಕಷ್ಟ. (ಮಲೆನಾಡಿನ ಒಬ್ಬ ಶಿಕ್ಷಕ)

ಸಭೆ ಶನಿವಾರ ಮಧ್ಯಾಹ್ನ ಇದ್ದರೆ ಬೀಗ ಹಾಕುವ ಪ್ರಶ್ನೆ ಬರುವುದಿಲ್ಲ. ನಿಮ್ಮ ಕ್ಲಸ್ಟರ್‌ನಲ್ಲಿ ಒಂಟಿ ಶಿಕ್ಷಕರ ಶಾಲೆ ಇನ್ನೂ ಎಷ್ಟಿವೆ ನೋಡಿ, ಎಲ್ಲರೂ ಸೇರಿ ದಿನ ಬದಲಿಸಲು ಬರೆದುಕೊಡಿ. ಸಭೆ ಯಾವಾಗಲೂ ಕೇಂದ್ರ ಶಾಲೆಯಲ್ಲೇ ನಡೆಯಬೇಕು ಅಂತೇನೂ ಇಲ್ಲ. ನಾವು ಸರದಿ ಮಾಡಿಕೊಂಡಿದ್ದೆವು. ಬೇಸಿಗೆಯ ತಿಂಗಳಲ್ಲಿ ದೂರದ ಶಾಲೆ, ಮಳೆಗಾಲದಲ್ಲಿ ಬಸ್ ರಸ್ತೆಯ ಶಾಲೆ. ದೂರದ ಚಿಕ್ಕ ಶಾಲೆಗೆ ಎಲ್ಲರೂ ಒಮ್ಮೆ ಹೋದರೆ ಅಲ್ಲಿನ ಮೇಷ್ಟ್ರು ಹೇಗೆ ಒಬ್ಬರೇ ಐದು ತರಗತಿ ಸಂಭಾಳಿಸುತ್ತಾರೆ ಅಂತ ಉಳಿದವರಿಗೆ ಅರ್ಥವಾಗುತ್ತದೆ.

ಅಕ್ಕಪಕ್ಕದ ಶಾಲೆಗಳು ಶಿಕ್ಷಕರನ್ನೂ ಸಾಮಾನನ್ನೂ ಹಂಚಿಕೊಂಡು ನಡೆಯಬೇಕು ಅನ್ನುವುದು ಹೊಸ ಮಾತಲ್ಲ. 1964-66ರ ಕೊಠಾರಿ ಆಯೋಗ ಶಾಲಾ ಸಂಕೀರ್ಣದ ಮಾತು ಹೇಳಿತ್ತು. 2020ರ ಶಿಕ್ಷಣ ನೀತಿಯೂ ಅದನ್ನೇ ಮತ್ತೆ ಹೇಳಿದೆ. ಒಂಟಿ ಶಿಕ್ಷಕರಿಗೆ ಅದು ಬೇಕೇ ಬೇಕು. ಆದರೆ ಸಂಕೀರ್ಣದ ಹೆಸರಲ್ಲಿ ನಿಮ್ಮ ಹನ್ನೊಂದು ಮಕ್ಕಳ ಶಾಲೆ ಮುಚ್ಚಿ, ಅವರು ಹಳ್ಳ ದಾಟುವ ಹಾಗೆ ಆಗಬಾರದು. ಆ ವಿಷಯದಲ್ಲಿ ನಾನು ನಿಮ್ಮ ಪರ. ಐದು ದಿನದ ತರಬೇತಿ ಬಂದಾಗ ಬದಲಿ ಶಿಕ್ಷಕರನ್ನು ಕೊಟ್ಟೇ ಕರೆಯಬೇಕು ಅಂತ ಲಿಖಿತವಾಗಿ ಕೇಳಿ. ಸಿಆರ್‌ಪಿ ಸ್ವತಃ ಒಂದೆರಡು ದಿನ ನಿಮ್ಮ ಶಾಲೆ ನೋಡಿಕೊಳ್ಳಬಹುದು. ನಾನು ಹಾಗೆ ಮಾಡಿದ್ದೇನೆ. ಆ ದಿನಗಳಲ್ಲಿ ಕಲಿತಷ್ಟು ಯಾವ ತರಬೇತಿಯಲ್ಲೂ ಕಲಿಯಲಿಲ್ಲ.

ಪ್ರಶ್ನೆ: ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಯಲ್ಲಿದ್ದೇನೆ. ತರಬೇತಿಗೆ ಕರೆಯುತ್ತಾರೆ, ಆದರೆ ಅಲ್ಲಿ ಎಲ್ಲವೂ ಆ ರಾಜ್ಯದ ಭಾಷೆಯಲ್ಲಿ. ಕನ್ನಡ ಓದಿನ ಬಗ್ಗೆ ಏನೂ ಸಿಗುವುದಿಲ್ಲ. (ಗಡಿನಾಡಿನ ಒಬ್ಬ ಶಿಕ್ಷಕಿ)

ಕಾಸರಗೋಡು, ಮಂಜೇಶ್ವರ, ಅಕ್ಕಲಕೋಟೆ, ಜತ್ತ ಈ ಕಡೆಯ ಶಾಲೆಗಳಿಗೆ ಹಿಂದೆ ಹೋಗಿದ್ದೇನೆ. ಕೇರಳದವರೂ ಮಹಾರಾಷ್ಟ್ರದವರೂ ಪಠ್ಯಪುಸ್ತಕವನ್ನು ಕನ್ನಡದಲ್ಲಿ ಅಚ್ಚು ಹಾಕಿಸಿಕೊಡುತ್ತಾರೆ. ಅದು ಸಣ್ಣ ಮಾತಲ್ಲ. ಪುಸ್ತಕ ಕನ್ನಡದಲ್ಲಿದ್ದು, ಅದನ್ನು ಕಲಿಸುವ ತರಬೇತಿ ಬೇರೆ ಭಾಷೆಯಲ್ಲಿ ಆದರೆ ಶಿಕ್ಷಕಿ ಮಧ್ಯದಲ್ಲಿ ಒಬ್ಬಳೇ ಅನುವಾದ ಮಾಡುತ್ತಾ ನಿಲ್ಲಬೇಕಾಗುತ್ತದೆ. ಗಣಿತಕ್ಕೆ ಹೇಗೋ ಆದೀತು. ಒಂದನೇ ತರಗತಿಗೆ ಒತ್ತಕ್ಷರ ಹೇಗೆ ಕಲಿಸುವುದು ಅನ್ನುವುದು ಮಲಯಾಳದಲ್ಲೋ ಮರಾಠಿಯಲ್ಲೋ ಹೇಳಿಕೊಡುವ ವಿಷಯವೇ ಅಲ್ಲ.

ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ಬೇಕಾದ ಸೌಕರ್ಯ ಒದಗಿಸಿ ಅಂತ ರಾಜ್ಯಗಳಿಗೆ ಹೇಳುತ್ತದೆ. 1956ರಲ್ಲಿ, ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿದ ಹೊತ್ತಿನಲ್ಲೇ, ಸೇರಿಸಿದ ವಿಧಿ ಅದು. ಶಿಕ್ಷಕಿಗೆ ಆ ಭಾಷೆಯಲ್ಲಿ ತರಬೇತಿ ಕೊಡುವುದೂ ಸೌಕರ್ಯವೇ ಅಲ್ವಾ? ಈ ಮಾತನ್ನು ಒಬ್ಬರೇ ಎತ್ತಬೇಡಿ. ನಿಮ್ಮ ಬ್ಲಾಕಿನ ಕನ್ನಡ ಶಿಕ್ಷಕರೆಲ್ಲ ಸೇರಿ, ವರ್ಷದ ತರಬೇತಿ ಯೋಜನೆ ತಯಾರಾಗುವ ಮೊದಲೇ, ಬಿಆರ್‌ಸಿಗೂ ಜಿಲ್ಲೆಯ ಡಯಟ್‌ಗೂ ಬರೆದುಕೊಡಿ. ಕಾಸರಗೋಡಿನವರಾದರೆ ಮಾಯಿಪ್ಪಾಡಿಯ ಡಯಟ್. ಕನ್ನಡಕ್ಕೆ ಪ್ರತ್ಯೇಕ ತಂಡ ಮಾಡಿ, ಸಂಪನ್ಮೂಲ ವ್ಯಕ್ತಿಗಳನ್ನು ನಮ್ಮೊಳಗಿನಿಂದಲೇ ಆರಿಸಿ ಅಂತ ಕೇಳಿ. ಆರಿಸಬಹುದಾದವರ ಪಟ್ಟಿಯನ್ನೂ ಅದೇ ಪತ್ರಕ್ಕೆ ಲಗತ್ತಿಸಿ. ಖಾಲಿ ಬೇಡಿಕೆಯನ್ನು ಕಚೇರಿಯಲ್ಲಿ ಪಕ್ಕಕ್ಕೆ ಇಡುವುದು ಸುಲಭ, ಹೆಸರಿರುವ ಪಟ್ಟಿಯನ್ನು ಹಾಗೆ ಇಡುವುದು ಕಷ್ಟ.

ಪ್ರಶ್ನೆ: ಸಿಆರ್‌ಪಿ ಆಗಿ ಆಯ್ಕೆಯಾಗಿದ್ದೇನೆ. ಮುಂದಿನ ವಾರ ಮೊದಲ ಶಾಲಾ ಭೇಟಿ. ಆ ಶಾಲೆಯಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರು ಇದ್ದಾರೆ. ಹೋಗಿ ಏನು ಮಾಡಲಿ, ಭಯವಾಗುತ್ತಿದೆ. (ಉತ್ತರ ಕರ್ನಾಟಕದ ಒಬ್ಬ ಯುವ ಶಿಕ್ಷಕಿ)

ಮೊದಲು ಅಭಿನಂದನೆ ಮಗಳೇ. ಭಯ ಒಳ್ಳೆಯದೇ, ಅದು ನಿನ್ನನ್ನು ಮೆತ್ತಗೆ ಮಾತಾಡಿಸುತ್ತದೆ.

ಪ್ರಾರ್ಥನೆಗೆ ಮೊದಲೇ ಶಾಲೆ ತಲುಪು. ಹೋದ ತಕ್ಷಣ ಹಾಜರಿ ಪುಸ್ತಕ ಕೇಳಬೇಡ. ಮುಖ್ಯ ಶಿಕ್ಷಕರ ಕುರ್ಚಿಯ ಪಕ್ಕ ಕುರ್ಚಿ ಹಾಕಿಸಿಕೊಳ್ಳಬೇಡ. ಹಿರಿಯ ಮೇಡಂ ಹತ್ತಿರ ಹೋಗಿ, 'ನಿಮ್ಮ ತರಗತಿಯಲ್ಲಿ ಸ್ವಲ್ಪ ಹೊತ್ತು ಕೂರಲಾ ಮೇಡಂ' ಅಂತ ಅಪ್ಪಣೆ ಕೇಳು. ಕೊನೆಯ ಸಾಲಿನಲ್ಲಿ ಮಕ್ಕಳ ಜೊತೆ ಕೂರು. ಮೊಬೈಲ್ ಚೀಲದಲ್ಲಿ ಇರಲಿ. ಪಾಠದ ಮಧ್ಯೆ ತಿದ್ದಬೇಡ. ಕೊನೆಯ ಸಾಲಿನ ಮಕ್ಕಳಿಗೆ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಅಂತ ಗಮನ ಕೊಡು. ಬೋರ್ಡಿನ ಅಕ್ಷರ ಅಲ್ಲಿಗೆ ಕಾಣುತ್ತದಾ ನೋಡು.

ಪಾಠ ಮುಗಿದ ಮೇಲೆ ಅವರು ಮಾಡಿದ ಒಂದು ಒಳ್ಳೆಯ ಕೆಲಸವನ್ನು ನಿರ್ದಿಷ್ಟವಾಗಿ ಹೇಳು. ಸುಮ್ನೆ ಚೆನ್ನಾಗಿತ್ತು ಅನ್ನಬೇಡ. ಆಮೇಲೆ ಅವರಿಗೆ ಕಷ್ಟ ಅನ್ನಿಸುವ ಪಾಠ ಯಾವುದು ಅಂತ ಕೇಳು. ಅವರು ಹೇಳಿದರೆ, 'ಮುಂದಿನ ಭೇಟಿಗೆ ಆ ಪಾಠವನ್ನು ನಿಮ್ಮ ತರಗತಿಯಲ್ಲಿ ನಾನು ಮಾಡುತ್ತೇನೆ, ನೀವು ಹಿಂದೆ ಕೂತು ನೋಡಿ, ಎಲ್ಲಿ ತಪ್ಪಿದೆ ಹೇಳಿ' ಅನ್ನು. ದಿನಾಂಕ ಅಲ್ಲೇ ಗೊತ್ತುಮಾಡು. ಭೇಟಿ ಪುಸ್ತಕದಲ್ಲಿ ಆ ದಿನಾಂಕ, ಆ ಪಾಠದ ಹೆಸರು ಬರೆ. ಹೇಳಿದ ದಿನ ಹೋಗು. ಮಳೆ ಬಂದರೂ, ಬಸ್ ತಪ್ಪಿದರೂ, ಕಚೇರಿಯಿಂದ ಫೋನು ಬಂದರೂ ಆ ಒಂದು ದಿನ ತಪ್ಪಿಸಬೇಡ. ಮಧ್ಯಾಹ್ನ ಬಿಸಿಯೂಟಕ್ಕೆ ಮಕ್ಕಳ ಪಕ್ಕದಲ್ಲೇ ತಟ್ಟೆ ಹಿಡಿದು ಕೂರು.